ಆಗಬೋಟು ಎಂಬ ಸಾಕ್ಷಿ: 1888ರ ನಂತರ ಕನ್ನಡ ಕರಾವಳಿಯ ಪ್ರಯಾಣಿಕ ಹಡಗು

ಮರ್ಮಗೋವಾ ರೈಲುಮಾರ್ಗ 1888ರಲ್ಲಿ ತೆರೆದದ್ದೇ ಕನ್ನಡ ಕರಾವಳಿಯ ಉಗಿಹಡಗಿನ ಕಾಲ ಮುಗಿಯಿತು ಎಂಬ ಮಾತು ನಮ್ಮ ಪ್ರಾದೇಶಿಕ ಇತಿಹಾಸದ ಚರ್ಚೆಗಳಲ್ಲಿ ಬಾಯಿಂದ ಬಾಯಿಗೆ ದಾಟಿ ಈಗ ಸಿದ್ಧಾಂತವೇ ಆಗಿಬಿಟ್ಟಿದೆ. ನನಗೆ ಆಕರ ಓದುವ ಶಿಸ್ತನ್ನು ಕಲಿಸಿದ ಹಿರಿಯರೂ ಇದನ್ನೇ ಹೇಳುತ್ತಿದ್ದರು. ಅವರ ಋಣ ದೊಡ್ಡದು. ಆದರೂ ಈ ತೀರ್ಮಾನ ತಪ್ಪೆಂದು ನಾನು ಹೇಳಲೇಬೇಕು. ಅದು ತಪ್ಪೆಂದು ತೋರಿಸುವ ದಾರಿಯನ್ನು ಕಲಿಸಿದವರೂ ಅವರೇ.

ಈ ಸಿದ್ಧಾಂತ ನಿಂತಿರುವುದು ಒಂದೇ ಆಕರದ ಮೇಲೆ. ಅದು ಜೇಮ್ಸ್ ಕ್ಯಾಂಬೆಲ್ ಸಂಪಾದಿಸಿದ ಮುಂಬಯಿ ಪ್ರಾಂತ್ಯದ ಗ್ಯಾಜೆಟಿಯರಿನ 15ನೆಯ ಸಂಪುಟ, ಅಂದರೆ ಕೆನರಾ ಜಿಲ್ಲೆಯ ಸಂಪುಟ. ಕುಮಟಾ, ಕಾರವಾರಗಳ ವಹಿವಾಟನ್ನು ಅಲ್ಲಿಂದ ಎತ್ತಿಕೊಳ್ಳುತ್ತಾರೆ. ಆಮೇಲೆ ರೈಲು ಬಂದದ್ದನ್ನು ಹೇಳುತ್ತಾರೆ. ಕೊನೆಗೆ ಬಂದರುಗಳು ಸತ್ತವು ಎಂದು ಮುಗಿಸುತ್ತಾರೆ. ಆದರೆ ಆ ಸಂಪುಟ ಅಚ್ಚಾದದ್ದು 1883ರಲ್ಲಿ. ಐದು ವರ್ಷ ಕಳೆದ ಮೇಲೆ ಬಂದ ರೈಲಿನ ಪರಿಣಾಮವನ್ನು ಅದು ಹೇಳಲು ಹೇಗೆ ಸಾಧ್ಯ? ಅದರಿಂದ ಸಿಗುವುದು ರೈಲಿಗೆ ಮುಂಚಿನ ಚಿತ್ರ ಮಾತ್ರ. ನಂತರದ ಚಿತ್ರವನ್ನು ನಮ್ಮವರು ಊಹೆಯಿಂದ ತುಂಬಿಕೊಂಡು, ಅದಕ್ಕೂ ಗ್ಯಾಜೆಟಿಯರಿನ ಮುದ್ರೆ ಒತ್ತಿದ್ದಾರೆ.

ಇನ್ನೊಂದು ದೋಷ ಇದಕ್ಕಿಂತ ದೊಡ್ಡದು. ಉತ್ತರ ಕೆನರಾ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಮಂಗಳೂರು, ಉಡುಪಿಗಳಿದ್ದ ದಕ್ಷಿಣ ಕೆನರಾ ಮದ್ರಾಸ್ ಪ್ರಾಂತ್ಯದಲ್ಲೇ ಉಳಿಯಿತು. ಕ್ಯಾಂಬೆಲ್ ಸಂಪುಟ ಉತ್ತರದ್ದು. ಅದನ್ನು ಹಿಡಿದು ಇಡೀ ಕರಾವಳಿಯ ಬಗ್ಗೆ ತೀರ್ಪು ಕೊಡುವವರು ಅರ್ಧ ಕರಾವಳಿಯನ್ನೇ ಕೈಬಿಟ್ಟಿದ್ದಾರೆ.

ಹತ್ತಿಯ ಮಟ್ಟಿಗೆ ಅವರ ಮಾತು ಸರಿ, ಅದನ್ನು ಒಪ್ಪುತ್ತೇನೆ. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಸೇರುತ್ತಿತ್ತು. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ, ಅಂದರೆ 1861ರಿಂದ 1865ರವರೆಗೆ, ಅದಕ್ಕೆ ಚಿನ್ನದ ಬೆಲೆ ಬಂತು. 1876–78ರ ಬರದ ನಂತರ ಕಟ್ಟಿದ ದಕ್ಷಿಣ ಮರಾಠಾ ರೈಲ್ವೆ ಹೊಸಪೇಟೆ, ಗದಗ, ಹುಬ್ಬಳ್ಳಿ, ಲೋಂಡಾ ದಾಟಿ ಕ್ಯಾಸಲ್‌ರಾಕ್‌ನಲ್ಲಿ ಗೋವಾದ ಹಳಿಗೆ ಕೂಡಿಕೊಂಡಾಗ ಆ ಹತ್ತಿ ದಾರಿ ಬದಲಿಸಿತು. ಘಟ್ಟದ ಗಾಡಿಗಳಿಗೆ ಕೆಲಸ ತಪ್ಪಿತು. ಆದರೆ ಹತ್ತಿಯ ಅಂಡಿಗೆ ದಾರಿ ಬದಲಿಸಿದ ಮಾತ್ರಕ್ಕೆ ಮನುಷ್ಯನೂ ಬದಲಿಸಿದನೆಂದು ಯಾವ ಆಧಾರದ ಮೇಲೆ ಹೇಳುವುದು?

ಇಲ್ಲಿ ಯಾರೂ ಗಣನೆಗೆ ತೆಗೆದುಕೊಳ್ಳದ ಸಾಕ್ಷಿಯೊಂದಿದೆ. ಅದು ಒಂದು ಪದ. ಕರಾವಳಿಯ ಕನ್ನಡದಲ್ಲಿ ಉಗಿಹಡಗಿಗೆ ‘ಆಗಬೋಟು’ ಎನ್ನುತ್ತಾರೆ. ಆಗ್ ಎಂದರೆ ಬೆಂಕಿ, ಅದಕ್ಕೆ ಇಂಗ್ಲಿಷಿನ ಬೋಟು ಸೇರಿದೆ. ಮರಾಠಿ, ಗುಜರಾತಿಗಳಲ್ಲಿಯೂ ಇದೇ ಪದ. ಅಂದಮೇಲೆ ಅದು ಮುಂಬಯಿಯ ಕಡೆಯಿಂದ ತೆಂಕಣಕ್ಕೆ ಇಳಿದುಬಂದದ್ದು. ರೈಲಿಗೆ ಕನ್ನಡಿಗರು ಉಗಿಬಂಡಿ, ಹೊಗೆಬಂಡಿ ಎಂದು ತಾವೇ ಹೆಸರು ಕಟ್ಟಿಕೊಂಡರು. ಕಡಲಿನ ಹಡಗಿಗೆ ಮಾತ್ರ ಸಿದ್ಧಪದವನ್ನು ಎರವಲು ಪಡೆದರು. ಹಡಗು ಹತ್ತಿ ಇಳಿಯುವವರ ನಾಲಗೆಯ ಮೇಲೆ ಆ ಪದ ಮೊದಲೇ ಕೂತಿದ್ದರಿಂದಲೇ ಹೀಗಾಯಿತು ಎಂಬುದು ನನ್ನ ವಾದ.

ಈ ವಾದವನ್ನು ಒರೆಗೆ ಹಚ್ಚಲು ನಮ್ಮೂರ ಸೀಮೆಗಿಂತ ಒಳ್ಳೆಯ ಜಾಗವಿಲ್ಲ. ನಾನು ಕುರೆಕುಪ್ಪದವನು. ಇಲ್ಲಿಗೆ ಹತ್ತಿರದ ತೋರಣಗಲ್ಲು ನಿಲ್ದಾಣ ಬಳ್ಳಾರಿ–ಹೊಸಪೇಟೆ ಹಳಿಯ ಮೇಲಿದೆ. ಹಳಿಯ ಪಡುವಣ ತುದಿಯಲ್ಲಿ ಮರ್ಮಗೋವಾ. ಬೆಲ್ಜಿಯಂ ಬಂಡವಾಳದ ಜನರಲ್ ಸಂಡೂರು ಮೈನಿಂಗ್ ಕಂಪನಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿಯ ಬೆಟ್ಟಗಳಿಗೆ ಕಾಲಿಟ್ಟಿತು. ಸಂಡೂರಿನ ಮ್ಯಾಂಗನೀಸ್ ಅದಿರು ರೈಲು ಏರಿ ಮರ್ಮಗೋವಾಕ್ಕೆ ಹೋಯಿತು, ಅಲ್ಲಿಂದ ಹಡಗಿನಲ್ಲಿ ಹೊರದೇಶಕ್ಕೆ. ಆದರೆ ನಮ್ಮ ಹಿರಿಯರ ಮಾತಿನಲ್ಲಿ ಆಗಬೋಟು ಎಂಬ ಪದವನ್ನು ನಾನು ಒಮ್ಮೆಯೂ ಕೇಳಿಲ್ಲ. ನಮ್ಮ ಕಡೆಯ ಜನ ಮುಂಬಯಿಗೆ ಹೋಗಬೇಕೆಂದರೆ ಗುಂತಕಲ್ಲಿಗೆ ಹೋಗಿ, 1871ರಲ್ಲೇ ಕೂಡಿಕೊಂಡಿದ್ದ ರಾಯಚೂರು ಮಾರ್ಗದ ರೈಲು ಹಿಡಿಯುವುದಿತ್ತು; ಕಡಲ ಹಂಗೇ ಇರಲಿಲ್ಲ. ಅದಿರು ಸಾಗರ ದಾಟಿದರೂ ಪದ ಇಲ್ಲಿಗೆ ಬರಲಿಲ್ಲ. ಸರಕು ಹೋಗುವ ದಾರಿಯಲ್ಲಿ ಮಾತು ಬರುವುದಿಲ್ಲ, ಜನ ಹೋಗಿಬರುವ ದಾರಿಯಲ್ಲಿ ಬರುತ್ತದೆ.

ಇದಕ್ಕೊಂದು ಆಕ್ಷೇಪ ಏಳುತ್ತದೆ, ಅದು ಹಗುರವಾದುದಲ್ಲ. ಧಾರವಾಡದ ನೆಲದಲ್ಲಿ ಬೆಳೆದ ಹತ್ತಿಗೆ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರು ಬಿದ್ದಿತ್ತು. ಹತ್ತಿ ಕುಮಟಾಕ್ಕೆ ಹೋಗುವುದು ತಪ್ಪಿದ ಮೇಲೂ ಆ ಹೆಸರು ಅಳಿಯಲಿಲ್ಲ. ಹಾಗೆಯೇ ಆಗಬೋಟು ಕೂಡ 1888ಕ್ಕೆ ಮುಂಚಿನ ದಿನಗಳ ಪಳೆಯುಳಿಕೆ ಆಗಿರಬಾರದೇಕೆ? ಆಗಿರಬಹುದು. ಪದ ಸಂಚಾರದ ದಿಕ್ಕನ್ನು ಹೇಳುತ್ತದೆ, ಕಾಲವನ್ನು ಹೇಳುವುದಿಲ್ಲ. ಕಾಲಕ್ಕೆ ಬೇರೆ ಸಾಕ್ಷಿ ಬೇಕು.

ಆ ಸಾಕ್ಷಿ ಮುಂಬಯಿಯಲ್ಲಿದೆ. ಕರಾವಳಿಯ ಮೊಗವೀರರು ಅಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿದ್ದು 1902ರಲ್ಲಿ. ಒಂದು ಸಮುದಾಯ ಪರವೂರಿನಲ್ಲಿ ಸಂಘ ಕಟ್ಟಬೇಕಾದರೆ ಅಲ್ಲಿ ಅದರ ಜನ ಆಗಲೇ ಬೀಡುಬಿಟ್ಟಿರಬೇಕು, ಊರಿಗೆ ಹೋಗಿಬರುತ್ತಿರಬೇಕು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅಂದರೆ ಸಂಘ ಹುಟ್ಟಿ ಐದು ವರ್ಷ ಕಳೆದ ಮೇಲೆ. ಹಾಗೆ ಬಂದ ರೈಲು ಕೂಡ ಷೊರನೂರು, ಪೊದನೂರುಗಳ ಕಡೆ ತೆಂಕಣಕ್ಕೆ ಹೋಗುವಂಥದು. ಅದರಲ್ಲಿ ಮುಂಬಯಿ ತಲುಪಲು ಮದ್ರಾಸಿನ ಸೀಮೆಯನ್ನೆಲ್ಲ ಬಳಸಿ ನಮ್ಮ ಗುಂತಕಲ್ಲಿನ ಮೇಲೆ ಹೋಗಬೇಕಿತ್ತು. ಕಾರವಾರ, ಕುಮಟಾಗಳವರು ಘಟ್ಟ ಹತ್ತಿ ಹುಬ್ಬಳ್ಳಿಯಲ್ಲಿ ರೈಲು ಹಿಡಿಯಬಹುದಿತ್ತು, ಹಲವರು ಹಿಡಿದೂ ಇರಬೇಕು. ಉಡುಪಿಯವನಿಗೆ ಆ ಅನುಕೂಲವೂ ಇರಲಿಲ್ಲ. ಅವನ ನೇರದಾರಿ ಕಡಲೇ.

ಆ ದಾರಿ ಸುಖದ್ದಾಗಿರಲಿಲ್ಲ. ಮಳೆಗಾಲದಲ್ಲಿ ಸಂಚಾರ ನಿಲ್ಲುತ್ತಿತ್ತು. ಹೊನ್ನಾವರದಂಥ ಅಳಿವೆಗಳ ಮರಳದಿಬ್ಬ ದಾಟಲಾರದೆ ಆಗಬೋಟು ಹೊರಗೇ ಲಂಗರು ಹಾಕುತ್ತಿತ್ತು. ಜನ ಗಂಟುಮೂಟೆ, ಮಕ್ಕಳುಮರಿಗಳೊಂದಿಗೆ ದೋಣಿಯಲ್ಲಿ ಹೋಗಿ ಅದನ್ನು ಏರಬೇಕಿತ್ತು. ಈ ಪುಟ್ಟ ಹಡಗುಗಳನ್ನು ಇತಿಹಾಸಕ್ಕೆ ತಕ್ಕವಲ್ಲವೆಂದು ಬದಿಗೆ ಸರಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಟೈಟಾನಿಕ್‌ನ 46,000 ಟನ್ನಿನ ಪಕ್ಕದಲ್ಲಿ ಇವು ಎಷ್ಟರವು ಎಂದು ಕೇಳುತ್ತಾರೆ. ಸಿಂಧಿಯಾ ಕಂಪನಿಯ ‘ಲಾಯಲ್ಟಿ’ 1919ರ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟದ್ದನ್ನು ಎಲ್ಲರೂ ನೆನೆಯುತ್ತಾರೆ, ನೆನೆಯಲೇಬೇಕು. ಅದು ಹಿಂದೆ ‘ಎಂಪ್ರೆಸ್ ಆಫ್ ಇಂಡಿಯಾ’ ಎಂಬ ಹೆಸರಿನಲ್ಲಿ ಪೆಸಿಫಿಕ್ ಸಾಗರ ದಾಟುತ್ತಿದ್ದ ಹಡಗು. ಆದರೆ ಕನ್ನಡದ ಕೂಲಿಯನ್ನು, ಹೋಟೆಲಿನ ಹುಡುಗನನ್ನು, ಓದಲು ಹೊರಟವನನ್ನು ಮುಂಬಯಿಗೆ ಮುಟ್ಟಿಸಿದ್ದು ಆಗಬೋಟು.

ಕಡಲದಂಡೆಯ ಈ ಪ್ರಯಾಣ 1888ಕ್ಕೇ ಮುಗಿದಿದ್ದರೆ ಹಡಗು ಕಂಪನಿಗಳು ಇಪ್ಪತ್ತನೆಯ ಶತಮಾನದಲ್ಲಿ ಈ ದಂಡೆಗೆಂದು ಹೊಸ ಹಡಗು ಕಟ್ಟಿಸುತ್ತಿರಲಿಲ್ಲ. 1947ರ ಜುಲೈ 17ರಂದು ಮುಂಬಯಿಯಿಂದ ರೇವಸ್‌ಗೆ ಹೋಗುವಾಗ ಆರುನೂರಕ್ಕೂ ಹೆಚ್ಚು ಜನರೊಂದಿಗೆ ಮುಳುಗಿದ ‘ರಾಮದಾಸ್’ 1936ರಲ್ಲಿ ಕಟ್ಟಿದ್ದು. ಆ ದುರಂತ ಕೊಂಕಣದ್ದು, ಅದನ್ನು ನಮ್ಮದೆಂದು ಹೇಳಿಕೊಳ್ಳಲಾರೆ. ಆದರೆ ಸ್ವಾತಂತ್ರ್ಯದ ಹೊಸ್ತಿಲಲ್ಲೂ ಪಡುವಣ ಕರಾವಳಿಯ ಬಡವರು ಹಡಗನ್ನೇ ನಂಬಿದ್ದರು ಎಂಬುದಕ್ಕೆ ಬೇರೆ ಪುರಾವೆ ಬೇಡ. ಮಂಗಳೂರಿನಿಂದ ಮುಂಬಯಿಯತ್ತ ಕರಾವಳಿಗುಂಟ ಹಳಿ ಪೂರ್ತಿಯಾದದ್ದು 1998ರಲ್ಲಿ, ಕೊಂಕಣ ರೈಲ್ವೆಯೊಂದಿಗೆ.

ಆದ್ದರಿಂದ ನಮ್ಮ ಬರಹಗಳಲ್ಲಿ ಆ ವಾಕ್ಯವನ್ನು ತಿದ್ದಬೇಕು. ಮರ್ಮಗೋವಾದ ರೈಲು ಕುಮಟಾದಿಂದ ಹತ್ತಿಯನ್ನು ಕಸಿದುಕೊಂಡಿತು, ಮುಂದೆ ಸಂಡೂರಿನ ಅದಿರನ್ನು ಹೊತ್ತುಕೊಂಡು ಹೋಯಿತು. ಕರಾವಳಿಯ ಜನ ಅದಾದ ಮೇಲೂ ಹಲವು ದಶಕ ಆಗಬೋಟು ಏರುತ್ತಲೇ ಇದ್ದರು. ಇದನ್ನು ಬೆಳೆಸಲು ಹೊರಡುವವರು 1883ರ ಸಂಪುಟವನ್ನು ಅದರ ಕಾಲದಲ್ಲೇ ಬಿಟ್ಟು, ಮುಂಬಯಿಯ ಕನ್ನಡ, ತುಳು ಮನೆಗಳಲ್ಲಿ ಅಜ್ಜ ಅಜ್ಜಿಯರು ಯಾವ ಬಂದರಿನಲ್ಲಿ ದೋಣಿ ಹತ್ತಿದರೆಂದು ಕೇಳಿ ಬರೆದುಕೊಳ್ಳಲಿ.