ಒಂದು ‘ಆಮೆನ್’ನ ಚರಿತ್ರೆ

ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಕಟ್ಟಿದ ಈ ದೇವಾಲಯದ ಚರಿತ್ರೆಯನ್ನು ಬರೆಯುವವರು ಸಹಜವಾಗಿಯೇ ಕಲ್ಲು, ಗಾರೆ, ಗಂಟೆ, ಗೋಪುರಗಳ ವಿವರವನ್ನೂ ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ಹೆಸರುಗಳನ್ನೂ ಒಪ್ಪಿಸುತ್ತಾರೆ. ಅವೆಲ್ಲವೂ ಈ ಸಂಚಿಕೆಯ ಬೇರೆ ಪುಟಗಳಲ್ಲಿವೆ. ನಾವಿಲ್ಲಿ ಹೇಳಹೊರಟಿರುವುದು ಒಂದು ಸಣ್ಣ ಮಾತಿನ ಚರಿತ್ರೆಯನ್ನು. ಗುರುಗಳು ಪರಮಪ್ರಸಾದವನ್ನು ನಮ್ಮ ಮುಂದೆ ಹಿಡಿದು “ಕ್ರಿಸ್ತರ ಶರೀರ” ಎನ್ನುತ್ತಾರೆ. ನಾವು “ಆಮೆನ್” ಎನ್ನುತ್ತೇವೆ. ಈ ಉತ್ತರಕ್ಕೆ ಒಂದು ಗಳಿಗೆಯೂ ಹಿಡಿಯುವುದಿಲ್ಲ. ಆದರೆ ನಮ್ಮ ದೇವಾಲಯದ ಮೊದಲ ಸುಮಾರು ನಾಲ್ಕು ದಶಕಗಳಲ್ಲಿ ಇಲ್ಲಿ ಪರಮಪ್ರಸಾದವನ್ನು ಸ್ವೀಕರಿಸಿದವರು ಆ ಗಳಿಗೆಯಲ್ಲಿ ಈ ಮಾತನ್ನು ನುಡಿಯುತ್ತಿರಲಿಲ್ಲ. ಅವರಿಗಾಗಿ ಗುರುಗಳೇ ಅದನ್ನು ಲತೀನ್ ಭಾಷೆಯಲ್ಲಿ ಹೇಳಿ ಮುಗಿಸುತ್ತಿದ್ದರು. ಆ ಮಾತು ಜನರ ಬಾಯಿಂದ ಹೇಗೆ ದೂರವಾಯಿತು, ಹೇಗೆ ಹಿಂದಿರುಗಿತು, ಹಿಂದಿರುಗಿದ ಮೇಲೆ ನಾವು ಅದನ್ನು ಏನು ಮಾಡಿದ್ದೇವೆ ಎಂಬುದನ್ನು ಈ ಶತಮಾನೋತ್ಸವದ ಸಂದರ್ಭದಲ್ಲಿ ಕೇಳಿಕೊಳ್ಳುವುದು ಉಚಿತವೆಂದು ತೋರುತ್ತದೆ.

‘ಆಮೆನ್’ ಎಂಬುದು ಹೀಬ್ರೂ ಭಾಷೆಯ ಪದ. ದೃಢವಾದುದು, ನೆಚ್ಚತಕ್ಕದ್ದು ಎಂಬುದು ಅದರ ಮೂಲಾರ್ಥ. ಗ್ರೀಕ್, ಲತೀನ್, ಸಿರಿಯಾಕ್ ಭಾಷೆಗಳ ಪೂಜೆಯಲ್ಲಿಯೂ, ಇಂದಿನ ನಮ್ಮ ಕನ್ನಡದ ಪೂಜೆಯಲ್ಲಿಯೂ ಅದು ಅನುವಾದಗೊಳ್ಳದೆ ಹಾಗೆಯೇ ಉಳಿದಿದೆ. ಸಂತ ಪೌಲರು ಕೊರಿಂಥದ ಕ್ರೈಸ್ತರಿಗೆ ಬರೆದ ಮೊದಲ ಪತ್ರದ 14ನೆಯ ಅಧ್ಯಾಯದಲ್ಲಿ, ಸಭೆಯಲ್ಲಿ ಸಲ್ಲಿಸಿದ ಸ್ತುತಿ ಅರ್ಥವಾಗದೆ ಹೋದರೆ ಕೇಳುವವನು ಅದಕ್ಕೆ ಆಮೆನ್ ಎನ್ನುವುದಾದರೂ ಹೇಗೆ ಎಂದು ಪ್ರಶ್ನಿಸಿದ್ದಾರೆ. ತಿಳಿದು ಒಪ್ಪುವುದು ಆರಾಧನೆಯ ಅಂಗವೆಂಬ ಭಾವನೆ ಧರ್ಮಸಭೆಯಷ್ಟೇ ಹಳೆಯದೆಂಬುದಕ್ಕೆ ಇದೇ ಸಾಕ್ಷಿ.

ಸುಮಾರು 155ರಲ್ಲಿ ರೋಮಿನಲ್ಲಿದ್ದ ಸಂತ ಜಸ್ಟಿನರು ಚಕ್ರವರ್ತಿ ಆಂಟೊನೀನಸ್ ಪಯಸನಿಗೆ ಬರೆದ ಸಮರ್ಥನೆಯಲ್ಲಿ ಭಾನುವಾರದ ಆರಾಧನೆಯನ್ನು ವರ್ಣಿಸಿದ್ದಾರೆ. ಊರಿನವರೂ ಹಳ್ಳಿಯವರೂ ಒಂದೆಡೆ ಕೂಡುವರು. ಪ್ರೇಷಿತರ ನೆನಪುಗಳನ್ನೋ ಪ್ರವಾದಿಗಳ ಬರಹಗಳನ್ನೋ ಓದಲಾಗುವುದು. ಅಧ್ಯಕ್ಷತೆ ವಹಿಸಿದವರು ಬೋಧಿಸುವರು. ಎಲ್ಲರೂ ಎದ್ದು ನಿಂತು ಪ್ರಾರ್ಥಿಸುವರು. ರೊಟ್ಟಿ, ದ್ರಾಕ್ಷಾರಸ, ನೀರುಗಳನ್ನು ತರಲಾಗುವುದು. ಕೃತಜ್ಞತಾ ಪ್ರಾರ್ಥನೆ ಮುಗಿದೊಡನೆ ಜನರೆಲ್ಲರೂ ಆಮೆನ್ ಎಂದು ಸಮ್ಮತಿಸುವರು. ಬಾರದಿದ್ದವರಿಗೆ ಸೇವಾದರ್ಶಿಗಳು ಪ್ರಸಾದವನ್ನು ಒಯ್ಯುವರು. ಉಳ್ಳವರು ತಮ್ಮ ಇಷ್ಟದಂತೆ ಕೊಟ್ಟುದು ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಾಳುಗಳಿಗೆ, ಪರಸ್ಥಳದವರಿಗೆ ಸಲ್ಲುವುದು. ಜಸ್ಟಿನರ ಬರಹದಲ್ಲಿ ಆಮೆನ್ ಎಂಬ ಮಾತಿಗೂ ವಿಧವೆಯ ಮನೆಗೆ ಹೋಗುವ ಕಾಣಿಕೆಗೂ ನಡುವೆ ಕೆಲವೇ ಸಾಲುಗಳ ಅಂತರವಿರುವುದನ್ನು ನಾವು ಗಮನಿಸಬೇಕು. ಅವರಿಗೆ ಅವೆರಡೂ ಒಂದೇ ಆರಾಧನೆಯ ಭಾಗಗಳಾಗಿದ್ದವು.

ಆ ಕಾಲದಲ್ಲಿ ಅಂತಹ ಸಮ್ಮತಿಗೆ ಬೆಲೆ ತೆರಬೇಕಾಗುತ್ತಿತ್ತು. ಜಸ್ಟಿನರೇ ಮುಂದೆ ರಕ್ತಸಾಕ್ಷಿಯಾದರು. 304ರಲ್ಲಿ, ಚಕ್ರವರ್ತಿ ಡಯೊಕ್ಲೀಷಿಯನನ ಹಿಂಸೆಯ ದಿನಗಳಲ್ಲಿ, ಉತ್ತರ ಆಫ್ರಿಕದ ಅಬಿಟಿನಾ ಎಂಬ ಊರಿನಲ್ಲಿ ಭಾನುವಾರದ ಬಲಿಪೂಜೆಗೆ ಕೂಡಿದ್ದ 49 ಮಂದಿ ಕ್ರೈಸ್ತರನ್ನು ಬಂಧಿಸಿ ಕಾರ್ಥೇಜಿಗೆ ಒಯ್ದು ವಿಚಾರಣೆಗೆ ಗುರಿಪಡಿಸಲಾಯಿತು. ಅವರಲ್ಲಿ ಎಮೆರಿಟಸ್ ಎಂಬವನನ್ನು, ಆಜ್ಞೆಯನ್ನು ಮೀರಿ ಇವರನ್ನೆಲ್ಲ ಏಕೆ ಮನೆಗೆ ಸೇರಿಸಿದೆ ಎಂದು ಅಧಿಕಾರಿ ಕೇಳಿದಾಗ, ಪ್ರಭುವಿನ ಭೋಜನವಿಲ್ಲದೆ ತಮಗೆ ಬದುಕಲಾಗದು ಎಂಬರ್ಥದ ಉತ್ತರ ಕೊಟ್ಟನು. ಆರಾಧನೆ ಅವನಿಗೆ ವಾರಕ್ಕೊಮ್ಮೆ ತೀರಿಸುವ ಕರ್ತವ್ಯವಾಗಿರಲಿಲ್ಲ, ಉಸಿರಿನಂತೆ ಸ್ವಂತದ್ದಾಗಿತ್ತು.

ಹಿಂಸೆ ನಿಂತ ಮೇಲಿನ ಶತಮಾನದಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗಿ ಒಬ್ಬೊಬ್ಬರದೂ ಆಯಿತು. ಜೆರುಸಲೇಮಿನ ಸಂತ ಸಿರಿಲರ ಹೆಸರಿನಲ್ಲಿ ಬಂದಿರುವ ಉಪದೇಶಗಳು, ಎಡಗೈಯನ್ನು ಬಲಗೈಗೆ ಸಿಂಹಾಸನವಾಗಿಸಿ, ಆಮೆನ್ ಎಂದು ಹೇಳಿ ಕ್ರಿಸ್ತರ ಶರೀರವನ್ನು ಸ್ವೀಕರಿಸುವಂತೆ ಹೊಸ ವಿಶ್ವಾಸಿಗಳಿಗೆ ಕಲಿಸುತ್ತವೆ. ಮಿಲಾನಿನಲ್ಲಿ ಸಂತ ಅಂಬ್ರೋಸರು ಇದನ್ನೇ ಬೋಧಿಸಿದರು. ಹಿಪ್ಪೋ ನಗರದ ಧರ್ಮಾಧ್ಯಕ್ಷರಾಗಿದ್ದು 430ರಲ್ಲಿ ತೀರಿಕೊಂಡ ಸಂತ ಅಗಸ್ಟೀನರು ಒಂದು ಹೆಜ್ಜೆ ಮುಂದೆ ಹೋದರು. ಕ್ರಿಸ್ತರ ಶರೀರವೆಂದರೆ ಪೀಠದ ಮೇಲಿನ ಪ್ರಸಾದವೂ ಹೌದು, ವಿಶ್ವಾಸಿಗಳಾದ ನೀವೂ ಹೌದು. ಆದುದರಿಂದ ನೀವು ಆಮೆನ್ ಎಂದಾಗ ನೀವು ಏನಾಗಿದ್ದೀರೋ ಅದಕ್ಕೇ ಒಪ್ಪಿಗೆಯ ಸಹಿ ಹಾಕುತ್ತಿದ್ದೀರಿ, ಆ ಸಹಿ ಸುಳ್ಳಾಗದಂತೆ ಬಾಳಿರಿ ಎಂಬುದು ಅವರ ಬೋಧನೆಯ ಸಾರ.

ಮುಂದಿನ ಶತಮಾನಗಳಲ್ಲಿ ಈ ಸಹಿ ಕ್ರಮೇಣ ಮಾಸಿತು. ಪಶ್ಚಿಮದಲ್ಲಿ ಜನರ ಆಡುಮಾತುಗಳು ಬದಲಾದವು, ಪೂಜೆಯ ಭಾಷೆ ಲತೀನಾಗಿಯೇ ಉಳಿಯಿತು. ಪರಮಪ್ರಸಾದದ ಮೇಲಣ ಭಯಭಕ್ತಿ ಬೆಳೆದಂತೆಲ್ಲ ಅದನ್ನು ಸ್ವೀಕರಿಸುವವರು ಕಡಿಮೆಯಾದರು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯು, ವರ್ಷಕ್ಕೊಮ್ಮೆಯಾದರೂ ಪಾಸ್ಖದ ಕಾಲದಲ್ಲಿ ಸ್ವೀಕರಿಸತಕ್ಕದ್ದೆಂದು ಆಜ್ಞೆ ಮಾಡಬೇಕಾಯಿತು. ಪೂಜೆಗೆ ಬಂದವರು ಪ್ರಸಾದವನ್ನೂ ಸ್ವೀಕರಿಸಲಿ ಎಂಬ ಹಂಬಲವನ್ನು ಟ್ರೆಂಟ್ ಮಹಾಸಭೆ 1562ರಲ್ಲಿ ವ್ಯಕ್ತಪಡಿಸಿತಾದರೂ, 1570ರಲ್ಲಿ ಜಗದ್ಗುರು ಐದನೆಯ ಪಯಸರು ಹೊರಡಿಸಿದ ಪೂಜಾಗ್ರಂಥದ ಕ್ರಮದಲ್ಲಿ ಉತ್ತರಗಳು ಬಹುಮಟ್ಟಿಗೆ ಪೀಠಬಾಲಕರ ಪಾಲಿಗೇ ಉಳಿದವು. ಪ್ರಸಾದವನ್ನು ಕೊಡುವಾಗಿನ ಪ್ರಾರ್ಥನೆಯನ್ನೂ ಅದರ ಕೊನೆಯ ಆಮೆನ್ನನ್ನೂ ಗುರುಗಳೇ ನುಡಿದರು.

ಹಾಗೆಂದು ಆ ಕಾಲದ ನಮ್ಮ ಹಿರಿಯರ ಭಕ್ತಿಯನ್ನು ಕಡೆಗಣಿಸಿದರೆ ಅದು ಅನ್ಯಾಯವಾದೀತು. ಬಾಯಿಗೆ ದೊರೆಯದ ಸಮ್ಮತಿಯನ್ನು ಅವರು ಬೇರೆ ದಾರಿಗಳಲ್ಲಿ ಸಲ್ಲಿಸಿದರು. ಪೀಠದಲ್ಲಿ ಲತೀನ್ ನಡೆಯುತ್ತಿರಲು ಕೈಯಲ್ಲಿ ಜಪಸರ ಉರುಳುತ್ತಿತ್ತು. ನಡುರಾತ್ರಿಯಿಂದ ಒಂದು ಹನಿ ನೀರನ್ನೂ ಮುಟ್ಟದೆ ಪ್ರಸಾದಕ್ಕೆ ಸಿದ್ಧರಾಗುತ್ತಿದ್ದರು. ನಮ್ಮ ನಾಡಿನಲ್ಲಿಯೇ, 1784ರಲ್ಲಿ ಟಿಪ್ಪು ಸುಲ್ತಾನರ ಆಜ್ಞೆಯಂತೆ ಕೆನರಾ ಕರಾವಳಿಯ ಕಥೋಲಿಕರು ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟರು. ಅವರ ದೇವಾಲಯಗಳಲ್ಲಿ ಅನೇಕವು ನೆಲಸಮವಾದವು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಬಳಿಕ ಬದುಕುಳಿದವರು ಹಿಂದಿರುಗಿ ದೇವಾಲಯಗಳನ್ನು ಮತ್ತೆ ಎಬ್ಬಿಸಿದರು. ಹದಿನೈದು ವರ್ಷಗಳ ಕಾಲ ಊರಿನ ಗುಡಿಗಂಟೆಯನ್ನು ಕೇಳದೆಯೂ ವಿಶ್ವಾಸವನ್ನು ಕಾಯ್ದುಕೊಂಡ ಆ ಜನರ ಮೌನದಲ್ಲಿ ಆಮೆನ್ ಇರಲಿಲ್ಲವೆಂದು ಯಾರು ಹೇಳಬಲ್ಲರು?

ಮಾತು ಹಿಂದಿರುಗುವ ದಾರಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತೆರೆಯಿತು. ಜಗದ್ಗುರು ಹತ್ತನೆಯ ಪಯಸರು 1903ರಲ್ಲಿ ದೇವಾಲಯ ಸಂಗೀತದ ಬಗೆಗೆ ಬರೆಯುತ್ತ ಆರಾಧನೆಯಲ್ಲಿ ಜನರ ಸಕ್ರಿಯ ಪಾಲುಗಾರಿಕೆಯನ್ನು ಎತ್ತಿ ಹೇಳಿದರು. 1905ರಲ್ಲಿ ಪದೇ ಪದೇ, ದಿನವೂ ಸಹ, ಪರಮಪ್ರಸಾದವನ್ನು ಸ್ವೀಕರಿಸಲು ಪ್ರೋತ್ಸಾಹಿಸಿದರು. 1910ರಲ್ಲಿ, ಸುಮಾರು ಏಳು ವರ್ಷದ ವಿವೇಕದ ವಯಸ್ಸಿಗೆ ಬಂದ ಮಕ್ಕಳಿಗೂ ಅದನ್ನು ದೊರಕಿಸಿದರು. ಹನ್ನೆರಡನೆಯ ಪಯಸರು 1953ರಲ್ಲಿ ನೀರು ಕುಡಿದರೆ ಉಪವಾಸ ಮುರಿಯದೆಂದು ಸಾರಿ, 1957ರಲ್ಲಿ ಉಪವಾಸವನ್ನು ಮೂರು ಗಂಟೆಗೆ ಇಳಿಸಿದರು; ಆರನೆಯ ಪೌಲರು 1964ರಲ್ಲಿ ಅದನ್ನು ಒಂದು ಗಂಟೆಗೆ ತಂದರು. ದಿನವಿಡೀ ದುಡಿದ ಕೂಲಿಯಾಳೂ ಸಂಜೆಯ ಪೂಜೆಯಲ್ಲಿ ಪ್ರಸಾದಕ್ಕೆ ಬರುವಂತಾಯಿತು.

1963ರ ಡಿಸೆಂಬರ್ 4ರಂದು, ಟ್ರೆಂಟ್ ಮಹಾಸಭೆ ಮುಕ್ತಾಯಗೊಂಡು ಸರಿಯಾಗಿ 400 ವರ್ಷಗಳು ತುಂಬಿದ ದಿನ, ಎರಡನೆಯ ವ್ಯಾಟಿಕನ್ ಮಹಾಸಭೆ ಪೂಜಾವಿಧಿಯ ಸಂವಿಧಾನವನ್ನು ಹೊರಡಿಸಿತು. ಅದರ ಪರವಾಗಿ 2147 ಮತಗಳೂ ವಿರುದ್ಧವಾಗಿ ಕೇವಲ 4 ಮತಗಳೂ ಬಿದ್ದವು. ವಿಶ್ವಾಸಿಗಳು ಪೂರ್ಣವಾಗಿ, ಅರಿವಿನಿಂದ, ಸಕ್ರಿಯವಾಗಿ ಪಾಲ್ಗೊಳ್ಳುವುದು ಜ್ಞಾನಸ್ನಾನದಿಂದ ಬಂದ ಹಕ್ಕೂ ಕರ್ತವ್ಯವೂ ಆಗಿದೆಯೆಂದು ಅದು ಬೋಧಿಸಿತು. 1964ರ ಏಪ್ರಿಲ್ 25ರಂದು ರೋಮಿನಿಂದ ಹೊರಟ ಒಂದು ಕಿರು ಆಜ್ಞೆ, ಪ್ರಸಾದ ನೀಡುವಾಗಿನ ಉದ್ದದ ಪ್ರಾರ್ಥನೆಯನ್ನು ತೆಗೆದು “ಕ್ರಿಸ್ತರ ಶರೀರ” ಎಂಬ ಹಳೆಯ ನುಡಿಯನ್ನು ಮರಳಿ ತಂದಿತು. ಆಮೆನ್ ಎಂಬ ಉತ್ತರವನ್ನು ಸ್ವೀಕರಿಸುವವರಿಗೇ ಒಪ್ಪಿಸಿತು. ಐದು ವರ್ಷಗಳ ನಂತರ, 1969ರ ಅದೇ ಏಪ್ರಿಲ್ 25ರಂದು, ಭಾರತದ ಧರ್ಮಾಧ್ಯಕ್ಷರು ಕೋರಿದ್ದ ಹನ್ನೆರಡು ಅಂಶಗಳಿಗೆ ರೋಮಿನ ಒಪ್ಪಿಗೆ ದೊರೆಯಿತು. ಪಾದರಕ್ಷೆ ಕಳಚುವುದು, ನೆಲದ ಮೇಲೆ ಕೂರುವುದು, ಕೈಮುಗಿಯುವುದು, ಪಂಚಾಂಗ ಪ್ರಣಾಮ, ಎಣ್ಣೆಯ ದೀಪ, ಆರತಿ ಇವೆಲ್ಲ ಪೂಜಾವಿಧಿಯೊಳಗೆ ಬರಲು ಅವಕಾಶವಾಯಿತು. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಪೂಜಾವಿಧಿ ಕೇಂದ್ರವು, ವಂದನೀಯ ಡಿ. ಎಸ್. ಅಮಲೋರ್ಪವದಾಸ್ ಸ್ವಾಮಿಗಳ ಮುಂದಾಳತ್ವದಲ್ಲಿ, ಈ ಕಾರ್ಯಕ್ಕೆ ಬಹಳ ದುಡಿಯಿತು.

ಹೀಗೆ ಆ ಮಾತು ನಮ್ಮ ಬಾಯಿಗೆ ಬಂದಿದೆ. ಅದು ನಮ್ಮ ಎದೆಗೂ ಬಂದಿದೆಯೇ? ಹಿರಿಯರಿಗೆ ಮಾತಿರಲಿಲ್ಲ, ಹಸಿವಿನ ಸಿದ್ಧತೆಯಿತ್ತು; ನಮಗೆ ಮಾತಿದೆ, ಸಿದ್ಧತೆಯು ಒಂದು ಗಂಟೆಗೆ ಇಳಿದಿದೆ, ಆ ಒಂದು ಗಂಟೆಯೂ ಎಷ್ಟೋ ಬಾರಿ ನೆನಪಿರುವುದಿಲ್ಲ. ಸಾಲಿನಲ್ಲಿ ನಿಂತಾಗ ನಮ್ಮ ಮನಸ್ಸು ಮನೆಯ ಅಡಿಗೆಯಲ್ಲೋ ಅಂಗಡಿಯ ಲೆಕ್ಕದಲ್ಲೋ ಇದ್ದು, ತುಟಿ ಮಾತ್ರ ಆಮೆನ್ ಎಂದುದುಂಟು. ಮುಂದೆ ನಿಂತ ನೆರೆಯವನೊಡನೆ ಮಾತು ಬಿಟ್ಟಿದ್ದರೂ, ಅವನ ಬೆನ್ನ ಹಿಂದೆಯೇ ಸಾಗಿ ಅದೇ ಪ್ರಸಾದಕ್ಕೆ ಆಮೆನ್ ಎಂದುದೂ ಉಂಟು. ಅಗಸ್ಟೀನರ ಬೋಧನೆ ನಿಜವಾದರೆ, ಆ ನೆರೆಯವನಿಗೂ ಒಪ್ಪಿಗೆಯಿತ್ತೇ ನಾವು ಹಿಂದಿರುಗಿದ್ದೇವೆ!

2020ರ ಮಾರ್ಚ್ ತಿಂಗಳಲ್ಲಿ ಸಾಂಕ್ರಾಮಿಕದ ದೆಸೆಯಿಂದ ದೇಶದಾದ್ಯಂತ ದೇವಾಲಯಗಳ ಬಾಗಿಲು ಮುಚ್ಚಿದವು. ಆ ವರ್ಷದ ಪಾಸ್ಖ ಹಬ್ಬದ ಪೂಜೆಯನ್ನು ನಮ್ಮಲ್ಲಿ ಅನೇಕರು ಪರದೆಯ ಮೇಲೆ ನೋಡಿದೆವು. ಗುರುಗಳು ಪ್ರಸಾದವನ್ನು ಎತ್ತಿ ಹಿಡಿದಾಗ ಮನೆಯ ನಡುವೆ ಮೊಣಕಾಲೂರಿದ ನಮ್ಮ ಬಳಿಗೆ ಅದು ಬರಲಿಲ್ಲ. ಎಮೆರಿಟಸನ ಉತ್ತರದ ಅರ್ಥವು ಆಗ ನಮಗೆ ಸ್ವಲ್ಪ ಮಟ್ಟಿಗೆ ತಿಳಿಯಿತು. ಬಾಗಿಲು ಮತ್ತೆ ತೆರೆದ ಮೊದಲ ಭಾನುವಾರ ನಾವು ನುಡಿದ ಆಮೆನ್, ಬಹುಶಃ ನಮ್ಮ ಜೀವಮಾನದಲ್ಲಿ ನಾವು ತಿಳಿದು ನುಡಿದ ಕೆಲವೇ ಆಮೆನ್‌ಗಳಲ್ಲಿ ಒಂದು.

ಆರಾಧನೆ ಇಡೀ ಸಭೆಯ ಕಾರ್ಯ. ಒಬ್ಬೊಬ್ಬರೂ ಒಂಟಿಯಾಗಿ ಮಾಡಿ ಮುಗಿಸುವಂಥದಲ್ಲ. ಆದರೂ ಅದರಲ್ಲಿ ಗುರುಗಳಾಗಲಿ ಗಾಯನಮಂಡಳಿಯಾಗಲಿ ನಮ್ಮ ಪರವಾಗಿ ಹೇಳಲಾಗದ ಒಂದು ಮಾತಿದೆ. ಅದನ್ನು ಪ್ರತಿಯೊಬ್ಬರೂ ತಮ್ಮ ಬಾಯಿಂದಲೇ ಹೇಳಬೇಕು. ಹೇಳಿದ್ದನ್ನು ವಾರದ ಉಳಿದ ಆರು ದಿನಗಳಲ್ಲಿ ತಮ್ಮ ಕೈಯಿಂದಲೇ ನಡೆಸಬೇಕು. ನಮ್ಮ ಹಿರಿಯರು ಈ ಗೋಡೆಗಳನ್ನು ಎಬ್ಬಿಸಿದುದು ಆ ಒಂದು ಮಾತಿಗೆ ಎಡೆಯಾಗಲೆಂದು. ಎರಡನೆಯ ಶತಮಾನಕ್ಕೆ ಕಾಲಿಡುವ ಈ ದೇವಾಲಯದಲ್ಲಿ ಮುಂದಿನ ಭಾನುವಾರ ಸಾಲಿನಲ್ಲಿ ನಿಂತಾಗ, ಅವರು ನುಡಿಯಲಾಗದೆ ಹೋದ ಆಮೆನ್ನನ್ನು ಅವರಿಗಾಗಿಯೂ ನಮಗಾಗಿಯೂ ಒಂದಿಷ್ಟು ನಿಧಾನವಾಗಿ ನುಡಿಯೋಣ. ಅದನ್ನು ನಿಜವಾಗಿಸುವ ಕೃಪೆಯನ್ನು ಕ್ರಿಸ್ತಪ್ರಭು ನಮ್ಮೆಲ್ಲರಿಗೂ ದಯಪಾಲಿಸಲಿ.