ಹಾಡಿದ ಕೀಟದ ಮೇಲಿನ ಅಪವಾದ

ಇರುವೆ ಮತ್ತು ಮಿಡತೆಯ ಕಥೆ ಈಸೋಪನ ಹೆಸರಿನಲ್ಲಿ ನಮ್ಮ ಮಕ್ಕಳಿಗೆಲ್ಲ ಕಂಠಸ್ಥವಾಗಿರುವುದಾದರೂ, ಗ್ರೀಕ್ ಮೂಲದಲ್ಲಿ ಮಿಡತೆಗೆ ಎಡೆಯೇ ಇಲ್ಲ. ಅಲ್ಲಿರುವುದು ‘ತೆತ್ತಿಕ್ಸ್’, ಎಂದರೆ ಬೇಸಗೆಯ ಉರಿಯಲ್ಲಿ ಮರದ ಕೊಂಬೆಗಂಟಿಕೊಂಡು ಎಡೆಬಿಡದೆ ಝೇಂಕರಿಸುವ, ನಮ್ಮ ಮಲೆನಾಡಿನವರಿಗೆ ಚಿರಪರಿಚಿತವಾದ ಜೀರುಂಡೆ. ಆ ಕೀಟ ತೀರ ವಿರಳವಾದ ಉತ್ತರ ಯೂರೋಪಿಗೆ ಕಥೆ ಸಂಚರಿಸಿದಾಗ ಅಲ್ಲಿನವರು ತಾವು ಕಂಡರಿತ ಮಿಡತೆಯನ್ನು ಅದರ ಸ್ಥಾನದಲ್ಲಿ ಕುಳ್ಳಿರಿಸಿದರು; ಇಂಗ್ಲಿಷಿನ ಮೂಲಕ ಆ ಮಿಡತೆಯೇ ಕನ್ನಡಕ್ಕೂ ಬಂದಿತು. ಜೀರುಂಡೆಯ ದನಿ ಕೇಳಿ ಬೆಳೆದ ನಾಡಿಗೆ ಈ ಬದಲಿ ಪಾತ್ರ ಬೇಕಾಗಿರಲಿಲ್ಲ.

ಗ್ರೀಕರಿಗೆ ಈ ಕೀಟದಲ್ಲಿದ್ದ ಆದರ ಅಸಾಧಾರಣವಾದುದು. ಪ್ಲೇಟೋವಿನ ‘ಫೈಡ್ರಸ್’ ಸಂವಾದದಲ್ಲಿ ಸಾಕ್ರಟೀಸನು ಹೇಳುವ ಕಥೆಯಂತೆ, ಕಲಾದೇವತೆಗಳು ಹುಟ್ಟಿ ಗಾನವು ಲೋಕದಲ್ಲಿ ಮೊದಲು ಪ್ರಕಟವಾದಾಗ ಅದರ ಮಾಧುರ್ಯದಲ್ಲಿ ಅನ್ನಪಾನಗಳನ್ನು ಮರೆತು, ತಾವು ಸಾಯುತ್ತಿರುವುದನ್ನೂ ಅರಿಯದೆ ಪ್ರಾಣಬಿಟ್ಟ ಮನುಷ್ಯರೇ ಜೀರುಂಡೆಗಳಾದರು. ಅಥೆನ್ಸಿನ ಹಿರಿಯರು ಹಿಂದೆ ಚಿನ್ನದ ಜೀರುಂಡೆಗಳಿಂದ ತಮ್ಮ ಮುಡಿಯನ್ನು ಬಂಧಿಸುತ್ತಿದ್ದರೆಂದು ಥುಸಿಡಿಡೀಸನು ಬರೆದಿದ್ದಾನೆ.

ಇಂತಹ ಜೀವಿಯನ್ನೇ ನೀತಿಕಥೆಯು ಭಿಕ್ಷುಕನನ್ನಾಗಿ ಮಾಡಿತು. ಚಳಿಗಾಲದಲ್ಲಿ ಒದ್ದೆಯಾದ ಧಾನ್ಯವನ್ನು ಒಣಗಿಸುತ್ತಿದ್ದ ಇರುವೆಗಳನ್ನು ಹಸಿದ ಜೀರುಂಡೆ ಬೇಡುತ್ತದೆ. ಬೇಸಗೆಯೆಲ್ಲ ಹಾಡುತ್ತಿದ್ದೆನೆಂದಾಗ, ಹಾಗಾದರೆ ಈಗ ಕುಣಿ ಎಂದು ಅವು ನಗುತ್ತವೆ. ಬೇಬ್ರಿಯಸನು ಇದನ್ನು ಗ್ರೀಕ್ ಪದ್ಯದಲ್ಲಿಯೂ ಏವಿಯಾನಸನು ಲ್ಯಾಟಿನ್ ಪದ್ಯದಲ್ಲಿಯೂ ಹೇಳಿದರು. 1668ರಲ್ಲಿ ಲಾ ಫೊಂತೇನನು ತನ್ನ ಸಂಗ್ರಹಕ್ಕೆ ಇದನ್ನೇ ಮೊದಲನೆಯ ಕಥೆಯಾಗಿಸಿ, ಜೀರುಂಡೆಯ ಬಾಯಿಂದ ಅಸಲು ಬಡ್ಡಿಗಳೆರಡನ್ನೂ ತೀರಿಸುವ ವಾಗ್ದಾನವನ್ನು ಮಾಡಿಸಿದನು. ಆದರೂ ಇರುವೆ ಕರಗಲಿಲ್ಲ. ಇದನ್ನು ಓದಿದ ಮಗು ಇರುವೆಯ ಪಕ್ಷವನ್ನೇ ಹಿಡಿದು, ಇಲ್ಲವೆನ್ನುವುದರೊಡನೆ ಹಂಗಿಸುವುದನ್ನೂ ಕಲಿಯುತ್ತದೆಂದು 1762ರ ‘ಎಮಿಲ್’ ಗ್ರಂಥದಲ್ಲಿ ರೂಸೋ ಆಕ್ಷೇಪಿಸಿದುದು ನನಗೆ ಪೂರ್ಣವಾಗಿ ಸಮ್ಮತ.

ಇರುವೆಯ ವಿಷಯದಲ್ಲಿ ಕಥೆಯ ಸಾಕ್ಷ್ಯ ಸತ್ಯವೆಂಬುದನ್ನೂ ಹೇಳಬೇಕು. ಇರುವೆ ಕಾಳು ಕೂಡಿಡುವುದೆಂಬ ಮಾತನ್ನು ಯೂರೋಪಿನ ಪಂಡಿತರು ಬಹುಕಾಲ ಸಂಶಯಿಸಿದರು. ಮೆಡಿಟರೇನಿಯನ್ ತೀರದ ಮಾಂತೋನ್‌ನಲ್ಲಿ ಗೂಡುಗಳನ್ನು ಅಗೆದು ನೋಡಿದ ಮಾಗ್ರಿಜನು 1873ರಲ್ಲಿ ಪ್ರಕಟಿಸಿದ ಗ್ರಂಥದಿಂದ ಪ್ರಾಚೀನರ ಮಾತೇ ನಿಜವೆಂದು ಸ್ಥಿರಪಟ್ಟಿತು.

ಜೀರುಂಡೆಯ ಪರವಾಗಿ ವಾದಿಸಲು ಅದರ ನೆರೆಯವನೇ ಬರಬೇಕಾಯಿತು. ಪ್ರೊವಾನ್ಸಿನ ಸೆರಿಞಾನ್ ಗ್ರಾಮದಲ್ಲಿ ನೆಲಸಿ ಕೀಟಗಳ ಚರ್ಯೆಯನ್ನು ನೋಡುವುದರಲ್ಲಿಯೇ ಆಯುಷ್ಯವನ್ನು ಸವೆಸಿದ ಆನ್ರಿ ಫಾಬ್ರನು 1897ರಲ್ಲಿ ಬರೆದುದೇನೆಂದರೆ, ಹೀರುಕೊಳವೆಯಲ್ಲದೆ ಬೇರೆ ಬಾಯಿಯೇ ಇಲ್ಲದ ಈ ಕೀಟ ಯಾರ ಮನೆಯ ಕಾಳನ್ನೂ ಬೇಡಲಾರದು, ಬೇಡುವುದು ಇರುವೆಯೇ. ಜುಲೈ ತಿಂಗಳ ಬಿಸಿಲಿಗೆ ಸಣ್ಣ ಜೀವಿಗಳೆಲ್ಲ ಬಾಯಾರಿ ಅಲೆಯುವಾಗ ಜೀರುಂಡೆ ತೊಗಟೆಯನ್ನು ಕೊರೆದು ರಸ ಹೀರುತ್ತಿರಲು, ಒಸರುವ ಆ ರಸಕ್ಕೆ ಮುತ್ತಿದ ಇರುವೆಗಳು ಅದರ ಕಾಲನ್ನು ಕಚ್ಚಿ, ಹೀರುಕೊಳವೆಯನ್ನೇ ಹಿಡಿದೆಳೆದು ಪೀಡಿಸುವುದನ್ನೂ, ಕಡೆಗೆ ಅದು ಬೇಸತ್ತು ಊಟೆಯನ್ನು ಬಿಟ್ಟು ಹಾರಿಹೋಗುವುದನ್ನೂ ಅವನು ಕಣ್ಣಾರೆ ಕಂಡನು. ಅವನ ಗಣನೆಯಂತೆ ನಾಲ್ಕು ವರ್ಷ ನೆಲದ ಕತ್ತಲೆಯಲ್ಲಿ ಬೆಳೆದು, ಬಿಸಿಲು ಕಂಡ ಸುಮಾರು ಐದು ವಾರಗಳಲ್ಲಿ ಹಾಡಿ ಮುಗಿಯುವ ಜೀರುಂಡೆ ಚಳಿಗಾಲವನ್ನು ನೋಡುವುದೇ ಇಲ್ಲ. ಮರದಿಂದ ಬಿದ್ದ ಅದರ ಒಣದೇಹವನ್ನು ತುಂಡುಮಾಡಿ ಗೂಡಿಗೆ ಹೊತ್ತುಕೊಂಡು ಹೋಗುವುವು ಆ ಇರುವೆಗಳೇ.