ಸೋಲುವ ಹೃದಯಕ್ಕೆ ಬಲೂನಿನ ಆಸರೆ

ನಿಮ್ಮ ಹೃದಯ ಒಂದು ಬಡಿತದಲ್ಲಿ ಎಷ್ಟು ಕೆಲಸ ಮಾಡುತ್ತದೆ? ಲೆಕ್ಕ ಹಾಕಿ ನೋಡಿ. ಎಡ ಹೃತ್ಕುಕ್ಷಿಯು ಸುಮಾರು 70 ಮಿಲಿಲೀಟರ್ ರಕ್ತವನ್ನು ಸುಮಾರು 100 ಮಿಲಿಮೀಟರ್ ಪಾದರಸದ ಒತ್ತಡಕ್ಕೆ ಎದುರಾಗಿ ಮಹಾಪಧಮನಿಗೆ ತಳ್ಳುತ್ತದೆ. ಒತ್ತಡವನ್ನು ಗಾತ್ರದಿಂದ ಗುಣಿಸಿದರೆ ಹೆಚ್ಚುಕಡಿಮೆ 1 ಜೂಲ್ ಬರುತ್ತದೆ. ನಿಮಿಷಕ್ಕೆ 70 ಬಡಿತವೆಂದರೆ ಸಾಮರ್ಥ್ಯ 1 ವಾಟ್‌ಗಿಂತ ತುಸು ಹೆಚ್ಚು, ಅಷ್ಟೆ.

ತೀವ್ರ ಹೃದಯಾಘಾತದಲ್ಲಿ ಸ್ನಾಯುವಿನ ದೊಡ್ಡ ಭಾಗ ಸತ್ತಾಗ ಇಷ್ಟು ಸಾಮರ್ಥ್ಯವೂ ಉಳಿಯುವುದಿಲ್ಲ. ರಕ್ತದೊತ್ತಡ ಕುಸಿಯುತ್ತದೆ. ಅದು ಕುಸಿದಂತೆ ಹೃದಯಸ್ನಾಯುವಿಗೇ ರಕ್ತ ಸಾಲದೆ ಹೃದಯ ಮತ್ತಷ್ಟು ಸೊರಗುತ್ತದೆ. ಈ ವಿಷವರ್ತುಲವೇ ಕಾರ್ಡಿಯೋಜೆನಿಕ್ ಶಾಕ್. ಇದನ್ನು ಯಂತ್ರದಿಂದ ಮುರಿಯಬಹುದೆ?

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಎಡ ಹೃತ್ಕುಕ್ಷಿಯ ಸ್ನಾಯುವಿಗೆ ರಕ್ತ ಹೆಚ್ಚಾಗಿ ಹರಿಯುವುದು ಅದು ಸಂಕೋಚಿಸಿದಾಗಲ್ಲ, ಸಡಿಲಗೊಂಡಾಗ. ಹಾಗಾದರೆ ಒತ್ತಡದ ಅಲೆಯನ್ನು ತಡಮಾಡಿ, ಹೃದಯ ವಿರಮಿಸುವ ಹೊತ್ತಿಗೆ ತಲುಪಿಸಿದರೆ? 1953ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕ ಏಡ್ರಿಯನ್ ಕ್ಯಾಂಟ್ರೊವಿಟ್ಜ್ ಮತ್ತು ಅವರ ಅಣ್ಣ, ಭೌತವಿಜ್ಞಾನಿ ಆರ್ಥರ್ ಇದನ್ನು ಪ್ರಾಣಿಗಳಲ್ಲಿ ಪ್ರಯೋಗಿಸಿ, ಹೃದಯಸ್ನಾಯುವಿಗೆ ರಕ್ತದ ಹರಿವು ಹೆಚ್ಚುವುದನ್ನು ತೋರಿಸಿದರು.

1962ರಲ್ಲಿ ಕ್ಲೀವ್‌ಲೆಂಡಿನ ಮೌಲೊಪೌಲೊಸ್, ಟೊಪಾಜ್ ಮತ್ತು ಕಾಲ್ಫ್ ಸರಳವಾದ ಉಪಾಯವೊಂದನ್ನು ಮುಂದಿಟ್ಟರು. ಮಹಾಪಧಮನಿಯೊಳಗೆ ನೀಳವಾದ ಬಲೂನು. ಹೃದಯ ಸಡಿಲಗೊಂಡಾಗ ಅದು ಉಬ್ಬಿ ರಕ್ತವನ್ನು ಪರಿಧಮನಿಗಳತ್ತ ದೂಡುತ್ತದೆ, ಮುಂದಿನ ಬಡಿತಕ್ಕೆ ತುಸು ಮೊದಲು ಕುಗ್ಗಿ ಹೃದಯದ ಹೊರೆ ಇಳಿಸುತ್ತದೆ. ಬಲೂನಿಗೆ ಯಾವ ಅನಿಲ? ಇವರು ಬಳಸಿದ್ದು ಕಾರ್ಬನ್ ಡೈಆಕ್ಸೈಡ್. ಕ್ಯಾಂಟ್ರೊವಿಟ್ಜ್ ಹೀಲಿಯಮ್ ಆಯ್ದರು. ಅದರ ಸಾಂದ್ರತೆ ಕಾರ್ಬನ್ ಡೈಆಕ್ಸೈಡಿನ ಸುಮಾರು ಹನ್ನೊಂದನೇ ಒಂದು ಭಾಗ. ಆದ್ದರಿಂದ ಕಿರಿದಾದ ಕೊಳವೆಯಲ್ಲಿ ಕ್ಷಿಪ್ರವಾಗಿ ಹೋಗಿಬರಬಲ್ಲದು. ಆದರೆ ರಕ್ತದಲ್ಲಿ ಅದು ಅಷ್ಟಾಗಿ ಕರಗದು. ಬಲೂನು ಸೋರಿದರೆ ಅಪಾಯ ಹೆಚ್ಚು. ವೇಗಕ್ಕೆ ತೆತ್ತ ಬೆಲೆ ಅದು.

1967ರಲ್ಲಿ ಬ್ರೂಕ್ಲಿನ್ನಿನ ಮೈಮೊನಿಡಿಸ್ ಆಸ್ಪತ್ರೆಯಲ್ಲಿ ಕ್ಯಾಂಟ್ರೊವಿಟ್ಜ್ ಇದನ್ನು ರೋಗಿಗಳಲ್ಲಿ ಮೊದಲ ಬಾರಿಗೆ ಬಳಸಿದರು. ಮೊದಲ ರೋಗಿ, ಒಬ್ಬ ಮಹಿಳೆ, ಬದುಕಿ ಮನೆಗೆ ಮರಳಿದರು. 1973ರಲ್ಲಿ ಹಲವು ಆಸ್ಪತ್ರೆಗಳು ಸೇರಿ 87 ರೋಗಿಗಳ ವರದಿ ಪ್ರಕಟಿಸಿದವು. ರಕ್ತ ಪರಿಚಲನೆ ಸುಧಾರಿಸಿತ್ತು. ಆದರೆ ಆಸ್ಪತ್ರೆಯಿಂದ ಜೀವಂತವಾಗಿ ಹೊರಬಂದವರು 15 ಮಂದಿ. ಬಲೂನು ಇಲ್ಲದಿದ್ದರೆ ಎಷ್ಟು ಮಂದಿ ಉಳಿಯುತ್ತಿದ್ದರು? ಹೋಲಿಸಲು ಇನ್ನೊಂದು ಗುಂಪೇ ಇರಲಿಲ್ಲ. ಆದರೂ ಬಲೂನು ಪಂಪು ಜಗತ್ತಿನೆಲ್ಲೆಡೆ ಹಬ್ಬಿತು.

ಉತ್ತರಕ್ಕೆ ದಶಕಗಳೇ ಬೇಕಾದವು. 2012ರಲ್ಲಿ ಜರ್ಮನಿಯ ವೈದ್ಯರು 600 ರೋಗಿಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿದ ಅಧ್ಯಯನವನ್ನು ಪ್ರಕಟಿಸಿದರು. ಎಲ್ಲರಿಗೂ ಮುಚ್ಚಿದ ಪರಿಧಮನಿ ತೆರೆಯುವ ಚಿಕಿತ್ಸೆಯ ಏರ್ಪಾಡು ಇತ್ತು. ಬಲೂನು ಮಾತ್ರ ಒಂದು ಗುಂಪಿಗೆ. 30 ದಿನಗಳಲ್ಲಿ ಸತ್ತವರು ಬಲೂನು ಗುಂಪಿನಲ್ಲಿ ಶೇ. 39.7, ಇನ್ನೊಂದರಲ್ಲಿ ಶೇ. 41.3. ಇಷ್ಟು ಅಂತರ ಆಕಸ್ಮಿಕವಾಗಿಯೂ ಬರಬಹುದು. ಆನಂತರ ಯೂರೋಪಿನ ಮಾರ್ಗಸೂಚಿಗಳು ಇದರ ವಾಡಿಕೆಯ ಬಳಕೆ ಬೇಡವೆಂದವು.

ಹಾಗೆಂದು ಯಂತ್ರದ ಆಸರೆಯೇ ವ್ಯರ್ಥವಲ್ಲ. 2024ರಲ್ಲಿ ಪ್ರಕಟವಾದ ಡೇಂಜರ್ ಶಾಕ್ ಅಧ್ಯಯನದಲ್ಲಿ, ಹೃತ್ಕುಕ್ಷಿಯೊಳಗಿಂದಲೇ ರಕ್ತವನ್ನು ಎತ್ತುವ ಪುಟ್ಟ ಪಂಪು 180 ದಿನಗಳ ಸಾವಿನ ಪ್ರಮಾಣವನ್ನು ಶೇ. 58.5ರಿಂದ 45.8ಕ್ಕೆ ಇಳಿಸಿತು. ಆಯ್ದ ರೋಗಿಗಳಿಗಷ್ಟೇ ಅನ್ವಯಿಸುವ ಈ ಫಲಿತಾಂಶದ ಜೊತೆಗೆ ರಕ್ತಸ್ರಾವದಂಥ ತೊಡಕುಗಳೂ ಹೆಚ್ಚಿದ್ದವು.

ಬಲೂನಿನ ಭೌತವಿಜ್ಞಾನ ಸುಳ್ಳಾಗಿರಲಿಲ್ಲ. ಆದರೆ ಒತ್ತಡಮಾಪಕ ಉತ್ತರಿಸುವುದು ಒತ್ತಡದ ಪ್ರಶ್ನೆಗೆ ಮಾತ್ರ. ಬದುಕುಳಿಯುವ ಪ್ರಶ್ನೆಗೆ ಬದುಕುಳಿದವರನ್ನೇ ಎಣಿಸಬೇಕು, ಅದೂ ಹೋಲಿಕೆಯ ಗುಂಪಿನೊಂದಿಗೆ. ತರಗತಿಯಲ್ಲಿ ನಿಯಂತ್ರಿತ ಪ್ರಯೋಗದ ಪಾಠ ಬಂದಾಗ ಈ ಅಂಕಿಗಳನ್ನು ವಿದ್ಯಾರ್ಥಿಗಳ ಮುಂದಿಡಿ.